ಪದವಿಯ ಪ್ರಮಾಣ ಮತ್ತು ಶ್ರಾವಕನ ವ್ರತ

1977ರಿಂದ ಐದು ವರ್ಷಕ್ಕೊಮ್ಮೆ ಜುಲೈ 25ರಂದು ಭಾರತದ ರಾಷ್ಟ್ರಪತಿಗಳು ಅಧಿಕಾರ ಸ್ವೀಕರಿಸುವ ಕ್ರಮ ನಡೆದುಬಂದಿದೆ. 2022ರ ಅದೇ ದಿನ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಶ್ರೀಮತಿ ದ್ರೌಪದಿ ಮುರ್ಮು ಅವರಿಗೆ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳು ಪ್ರಮಾಣವಚನ ಬೋಧಿಸಿದರು. ಇಪ್ಪತ್ತೊಂದು ಕುಶಾಲುತೋಪುಗಳು ಹಾರಿದವು. ತೋಪಿನ ಸದ್ದು ಅಡಗಿದ ಮೇಲೆ ಉಳಿಯುವುದೇನು? ವ್ರತವನ್ನೇ ಬದುಕಿನ ಆಧಾರವೆಂದು ಬಗೆದ ಜೈನ ಸಮಾಜಕ್ಕೆ ಈ ಪ್ರಶ್ನೆ ಹೊರಗಿನದಲ್ಲ.

ಸಂವಿಧಾನದ 60ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳು ಪದವಿಯ ಕರ್ತವ್ಯವನ್ನು ನಿಷ್ಠೆಯಿಂದ ನಡೆಸುವುದಾಗಿಯೂ, ಯಥಾಶಕ್ತಿ ಸಂವಿಧಾನವನ್ನೂ ಕಾನೂನನ್ನೂ ಕಾಪಾಡುವುದಾಗಿಯೂ, ಜನತೆಯ ಸೇವೆ ಮತ್ತು ಕ್ಷೇಮಕ್ಕೆ ತಮ್ಮನ್ನು ಅರ್ಪಿಸಿಕೊಳ್ಳುವುದಾಗಿಯೂ ನುಡಿಯುತ್ತಾರೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಸತ್ಯನಿಷ್ಠೆಯಿಂದ ದೃಢೀಕರಿಸಲೂಬಹುದು. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಜೈನದರ್ಶನಕ್ಕೆ ಎರಡನೆಯ ದಾರಿ ಸಹಜವಾದುದು. ಶ್ರಾವಕನ ಅಣುವ್ರತಕ್ಕೆ ಪಂಚಪರಮೇಷ್ಠಿಗಳೂ ಗುರುವೂ ಸಾಕ್ಷಿಗಳು. ಆದರೆ ಏಕಾಂತದಲ್ಲಿಯೂ ಅಗಲದ ಸಾಕ್ಷಿ ಅವನ ಆತ್ಮವೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಂದ ಮುಕ್ತನಾದವನೇ ವ್ರತಿ. ಫಲವನ್ನು ಬಯಸಿ ಹಿಡಿದ ನಿಯಮ ನಿದಾನಶಲ್ಯದಿಂದ ದೂಷಿತ. ವ್ರತದಲ್ಲಿ ಬಿಡುವುದುಂಟು, ಪದವಿಯ ಪ್ರಮಾಣದಲ್ಲಿ ಪಡೆಯುವುದುಂಟು. ಹಾಗಿರಲು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

1888ರಲ್ಲಿ ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿಯವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಮುನಿಗಳ ಸಮ್ಮುಖದಲ್ಲಿ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ವರ್ಜಿಸುವ ಪ್ರತಿಜ್ಞೆ ಮಾಡಿದರು. ತಾಯಿಯ ಅನುಮತಿ ದೊರೆಯಬೇಕಿತ್ತು; ಆ ಪ್ರತಿಜ್ಞೆಯೂ ಒಂದು ಲಾಭದ ಹೊಸ್ತಿಲಲ್ಲಿ ಆಡಿದ ಮಾತೇ. ಆದರೆ ನೋಡುವವರಿಲ್ಲದ ಪರದೇಶದಲ್ಲಿಯೂ ಅವರು ಅದನ್ನು ಪಾಲಿಸಿದರು. 1927ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರಕ್ಕೆ ಅವರು ಬಂದಾಗ ಆ ಮಾತಿಗೆ ಸುಮಾರು ನಲವತ್ತು ವರ್ಷ ತುಂಬುತ್ತಿತ್ತು. ಆರಂಭದ ಅಪೇಕ್ಷೆಯನ್ನು ಪಾಲನೆಯೇ ತೊಳೆದಿತ್ತು.

ಅಧಿಕಾರದೊಡನೆಯೇ ಮಿತಿಯನ್ನೂ ಕೊಡುವ ಕ್ರಮ ಈ ನಾಡಿಗೆ ಹೊಸದಲ್ಲ. ಟಿ. ನರಸೀಪುರ ತಾಲ್ಲೂಕಿನ ತಲಕಾಡನ್ನು ರಾಜಧಾನಿಯಾಗಿಸಿಕೊಂಡಿದ್ದ ಗಂಗರ ರಾಜ್ಯಸ್ಥಾಪನೆಗೆ ಸಿಂಹನಂದಿ ಆಚಾರ್ಯರು ಕಾರಣರೆಂಬುದು ಜೈನ ಪರಂಪರೆ. ಬಹು ಶತಮಾನಗಳ ಬಳಿಕ, 12ನೆಯ ಶತಮಾನದಲ್ಲಿ, ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದಲ್ಲಿ ಹುಟ್ಟಿದ ಶಾಸನ ಆ ಕಥೆಯನ್ನು ಹೇಳುತ್ತದೆ. ಆಚಾರ್ಯರು ದಡಿಗ ಮಾಧವರನ್ನು ಬರಿದೆ ಹರಸಲಿಲ್ಲ. ಆಡಿದ ಮಾತಿಗೆ ತಪ್ಪಿದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ಕುಲವೇ ಅಳಿಯುವುದೆಂದು ಎಚ್ಚರಿಸಿದರು. ರಾಜ್ಯ ದೊರೆತ ಗಳಿಗೆಯಲ್ಲೇ ರಾಜನ ಸ್ವೇಚ್ಛೆಗೆ ಪರಿಮಾಣವೂ ನಿಂತಿತು.

ಆ ಪರಿಮಾಣ ನಮ್ಮ ಕಾಲದಲ್ಲಿ ಪರೀಕ್ಷೆಗೊಳಗಾದುದನ್ನು ಕನ್ನಡಿಗರೊಬ್ಬರ ಬಾಳಿನಲ್ಲಿ ಕಾಣಬಹುದು. ಫಕ್ರುದ್ದೀನ್ ಅಲಿ ಅಹಮದರು ನಿಧನರಾದ 1977ರ ಫೆಬ್ರವರಿ 11ರಂದು, ಉಪರಾಷ್ಟ್ರಪತಿಗಳಾಗಿದ್ದ ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾಗಿ ಇದೇ ಪ್ರಮಾಣ ಸ್ವೀಕರಿಸಿದರು. ಏಪ್ರಿಲಿನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳ ವಿಸರ್ಜನೆಗೆ ಕೇಂದ್ರ ಸರ್ಕಾರ ಸಲಹೆಯಿತ್ತಾಗ ಅವರು ಕೂಡಲೇ ಅಂಕಿತ ಹಾಕಲಿಲ್ಲ. ಹಿಂಜರಿದು, ಏಪ್ರಿಲ್ 30ರಂದು ಸಹಿ ಮಾಡಿದರು. ಸಚಿವ ಸಂಪುಟದ ಸಲಹೆಯಂತೆ ನಡೆಯತಕ್ಕದ್ದೆಂದು 1976ರ 42ನೆಯ ತಿದ್ದುಪಡಿ ವಿಧಿಸಿತ್ತು. ಕಾನೂನನ್ನು ಕಾಪಾಡುವೆನೆಂದವರನ್ನು ಆ ಕಾನೂನೇ ಕಟ್ಟಿತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶ 1978ರ 44ನೆಯ ತಿದ್ದುಪಡಿಯಿಂದ ಬಂದಿತು. ಪ್ರಮಾಣವು ಇತರರನ್ನು ಆಳುವ ಬಲವನ್ನಷ್ಟೇ ಅಲ್ಲ, ತನ್ನ ಇಚ್ಛೆಯನ್ನು ಹಿಡಿದಿಡುವ ಹೊಣೆಯನ್ನೂ ಹೊರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಆದರೂ ಒಂದು ಕೊರತೆ ಉಳಿಯುತ್ತದೆ. ಸಂವಿಧಾನವನ್ನು ಉಲ್ಲಂಘಿಸಿದ ರಾಷ್ಟ್ರಪತಿಗಳ ಮಹಾಭಿಯೋಗಕ್ಕೆ 61ನೆಯ ಅನುಚ್ಛೇದದಲ್ಲಿ ವಿಧಿಯುಂಟು. ಸಣ್ಣ ಜಾರಿಕೆಗಳಿಗೆ ಯಾವ ವಿಧಿಯೂ ಇಲ್ಲ. ಜೈನಾಚಾರ್ಯರು ಇದನ್ನರಿತೇ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿ, ಪ್ರತಿಕ್ರಮಣವನ್ನು ವಿಧಿಸಿದರು. ಬಸದಿಯ ಟ್ರಸ್ಟಿನ ಅಧ್ಯಕ್ಷರೂ ಕೋಶಾಧಿಕಾರಿಗಳೂ ಪದವಿ ಹೊತ್ತವರೇ. ಭಂಡಾರದ ಲೆಕ್ಕ, ಜಮೀನಿನ ಗೇಣಿ, ದಾನಿಯ ಉದ್ದೇಶ ಇವುಗಳ ವಿಷಯದಲ್ಲಿ ಅವರು ಚತುರ್ದಶಿಗೊಮ್ಮೆ ತಮ್ಮನ್ನೇ ಕೇಳಿಕೊಂಡರೆ, ಅಧಿಕಾರ ವಹಿಸಿಕೊಂಡ ದಿನದ ಮಾತು ಅವಧಿಯ ಕೊನೆಯವರೆಗೂ ಜೀವಂತವಾಗಿ ಉಳಿದೀತು.