ಅಂಕಿತವಿಲ್ಲದ ಮಾತು, ಮರೆಯಿಲ್ಲದ ಮನೆ

ಅರಿವಿಗೂ ಕುರುಹಿಗೂ ಇರುವ ಅಂತರವನ್ನು ಶಿವಶರಣರು ಬಗೆಬಗೆಯಾಗಿ ನಿರೂಪಿಸಿದ್ದಾರೆ. ಅಂತರ್ಜಾಲವು ಮನೆಮನೆಯನ್ನು ಪ್ರವೇಶಿಸಿರುವ ಈ ಕಾಲದಲ್ಲಿ ಆ ಅಂತರವನ್ನು ಸದ್ಭಕ್ತರು ಮತ್ತೊಮ್ಮೆ ಪರ್ಯಾಲೋಚಿಸಬೇಕಾಗಿದೆ.

ವಚನಗಳಿಗಾಗಿ ಫ. ಗು. ಹಳಕಟ್ಟಿಯವರು ಪಟ್ಟ ಪರಿಶ್ರಮವು ಸರ್ವವಿದಿತವಾದುದು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಧೂಳುಗಟ್ಟಿದ್ದ ತಾಳೆಯೋಲೆಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಂದು ಮೈಸೂರಿನ ಯಾವ ಬೀದಿಯ ಬಾಲಕನಾದರೂ ‘ದಾಸೋಹ’ ಎಂಬ ಶಬ್ದವನ್ನು ಮೊಬೈಲಿನಲ್ಲಿ ಒತ್ತಿದರೆ, ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಆ ಶಬ್ದವುಳ್ಳ ವಚನಗಳು ಕ್ಷಣಮಾತ್ರದಲ್ಲಿ ಕಾಣುತ್ತವೆ. ಇದನ್ನು ಹೀಗಳೆಯುವುದು ಕೃತಘ್ನತೆಯೇ ಸರಿ. ಆದರೆ ದೊರೆತದ್ದು ಶಬ್ದವಷ್ಟೆ. ಓಲೆಯನ್ನರಸಿ ಹೋದವನು ದಾರಿಯಲ್ಲಿ ನಾಲ್ವರು ಹಿರಿಯರನ್ನು ಕಂಡು, ಅರ್ಥ ಕೇಳಿ, ಪಕ್ವನಾಗಿ ಮರಳುತ್ತಿದ್ದನು. ಕುಳಿತಲ್ಲೇ ಪಡೆದವನಿಗೆ ಆ ನಡೆಯು ಇನ್ನೂ ಬಾಕಿಯಿರುತ್ತದೆ.

ಶರಣರು ತಮ್ಮ ವಚನಕ್ಕೆ ಅಂಕಿತವನ್ನಿಟ್ಟರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಆಡಿದ ಮಾತಿಗೆ ಇಷ್ಟದೈವವೇ ಸಾಕ್ಷಿ ಎಂಬುದು ಅದರ ತಾತ್ಪರ್ಯ. ಸಾಕ್ಷಿಯ ಮುಂದೆ ಸುಳ್ಳಾಡಲು ನಾಲಗೆ ಅಂಜುತ್ತದೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟುವ ಸಂದೇಶಕ್ಕೆ ಅಂಕಿತವೆಲ್ಲಿ? ಯಾರು ಆಡಿದರೆಂದು ಕೇಳಿದರೆ, ‘ಬಂದದ್ದನ್ನು ಕಳುಹಿಸಿದೆ’ ಎಂಬ ಉತ್ತರ. 2018ರ ಜುಲೈ ತಿಂಗಳಿನಲ್ಲಿ ಬೀದರ ಜಿಲ್ಲೆಯಲ್ಲಿ, ಕಾರಿನಲ್ಲಿ ಬಂದ ಕೆಲವರು ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುದ್ದಿಯು ಅವರ ಕಾರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿತು. ಜನರು ದಾರಿಗೆ ಅಡ್ಡಕಟ್ಟಿ ಹೊಡೆದರು, ನಿರಪರಾಧಿಯೊಬ್ಬನು ಅಸುನೀಗಿದನು. ಬಸವಕಲ್ಯಾಣವೂ ಅದೇ ಜಿಲ್ಲೆಯಲ್ಲಿದೆ. ಆ ಸಂದೇಶವನ್ನು ಮುಂದೂಡಿದವರಲ್ಲಿ ಅನೇಕರು ತಮ್ಮ ಮಕ್ಕಳ ಮೇಲಣ ಮಮತೆಯಿಂದಲೇ ಹಾಗೆ ಮಾಡಿದ್ದಿರಬೇಕು. ದುಃಖದ ಸಂಗತಿ ಇದೇ.

ಇನ್ನು ಮರೆಯ ವಿಚಾರ. ಹಿಂದೆ ರೋಗ, ಸಾಲ, ದಾಂಪತ್ಯದ ಕಲಹ ಮೊದಲಾದುವನ್ನು ಗೃಹಸ್ಥನು ಗುರುಗಳ ಬಳಿ ಏಕಾಂತದಲ್ಲಿ ನಿವೇದಿಸುತ್ತಿದ್ದನು. ಈಗ ಅದೇ ಪ್ರಶ್ನೆಯನ್ನು ಹುಡುಕುಯಂತ್ರಕ್ಕೆ ಹಾಕುತ್ತಾನೆ. ಗುರುವು ಕೇಳಿದ್ದನ್ನು ಒಡಲಲ್ಲಿಟ್ಟುಕೊಳ್ಳುವನು. ಯಂತ್ರವನ್ನು ನಡೆಸುವ ಕಂಪನಿಯು ಅದನ್ನು ಲೆಕ್ಕದಲ್ಲಿಟ್ಟುಕೊಂಡು, ಪ್ರಶ್ನೆಗೆ ತಕ್ಕ ಜಾಹೀರಾತನ್ನು ತೋರಿಸಿ ಹಣ ಗಳಿಸುವುದು. ‘ತಪ್ಪು ಮಾಡದವನಿಗೆ ಮರೆಯೇಕೆ?’ ಎಂದು ಕೆಲವರು ವಾದಿಸುತ್ತಾರೆ. ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸುವ ಭಕ್ತನು ಅದನ್ನು ನಾಚಿಕೆಯಿಂದ ಮರೆಮಾಡುವನೇ? ಅತ್ಯಂತ ತನ್ನದಾದುದಕ್ಕೆ ಸಲ್ಲಿಸುವ ಗೌರವವದು. ಅಂತರಂಗವನ್ನು ಲಿಂಗದ ಮುಂದೆ ಬಿಚ್ಚಿಡಬೇಕೆಂಬುದು ದಿಟ. ಸಂತೆಯಲ್ಲಿ ಬಿಚ್ಚಿಡಬೇಕೆಂದು ಯಾವ ಶರಣರೂ ವಿಧಿಸಲಿಲ್ಲ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವೃದ್ಧಾಪ್ಯದಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು, ಖಾಸಗಿತನವು ಸಂವಿಧಾನವು ಕಾಪಾಡುವ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತರು. 2018ರಲ್ಲಿ ಆಧಾರ್ ಉಳಿಯಿತಾದರೂ ಖಾಸಗಿ ಕಂಪನಿಗಳು ಅದನ್ನು ಕಡ್ಡಾಯವಾಗಿ ಕೇಳುವುದಕ್ಕೆ ತಡೆ ಬಿದ್ದಿತು.

ಆದರೆ ನ್ಯಾಯಾಲಯವು ಬಾಗಿಲನ್ನು ಕೊಟ್ಟೀತು, ಮುಚ್ಚುವವರು ಮನೆಯವರೇ. ಮಗಳ ವರಾನ್ವೇಷಣೆಯೆಂದು ಆಕೆಯ ಚಿತ್ರ, ಜನ್ಮದಿನಾಂಕ, ದೂರವಾಣಿ ಸಂಖ್ಯೆಗಳನ್ನು ನೂರಾರು ಜನರ ಗುಂಪಿಗೆ ಕಳುಹಿಸುವ ತಂದೆಯು, ಆಕೆಯನ್ನು ಒಂದು ಮಾತು ಕೇಳಿರುತ್ತಾನೆಯೇ? ದೀಕ್ಷಾಸಮಯದಲ್ಲಿ ಗುರುವು ಶಿಷ್ಯನ ಕಿವಿಯಲ್ಲಿ ಮಂತ್ರವನ್ನು ಉಪದೇಶಿಸುವಾಗ ಬಂಧುವೊಬ್ಬನು ನಡುವೆ ಫೋನನ್ನು ಚಾಚಿ ನಿಲ್ಲುವುದು ಈಗ ಅಪರೂಪವಲ್ಲ. ‘ಸ್ವಲ್ಪ ಅದನ್ನು ಒಳಗಿಡಪ್ಪ’ ಎನ್ನಲು ಮನೆಯ ಹಿರಿಯರು ಸಂಕೋಚಪಡಬೇಕಾಗಿಲ್ಲ. ಮಂತ್ರೋಪದೇಶವು ಮುಗಿದ ಬಳಿಕ ದಾಸೋಹದ ಪಂಕ್ತಿಯ ಚಿತ್ರವನ್ನು ಅವನು ಬೇಕಾದಷ್ಟು ತೆಗೆಯಲಿ.