ರೋಗಿಯ ಮಾತಿಗೆ ಬೆಲೆ

ತಲೆ ತೆರೆದು ಮಿದುಳಿನ ಗಡ್ಡೆ ತೆಗೆಯುವಾಗ ರೋಗಿಯನ್ನು ಎಚ್ಚರವಾಗಿಟ್ಟು ಮಾತನಾಡಿಸುತ್ತಾರೆಂದರೆ ಎದೆ ಝಲ್ಲೆನ್ನುತ್ತದೆ. ಇದು ಕ್ರೌರ್ಯವಲ್ಲವೇ?

ಅಲ್ಲ. ಮಿದುಳಿಗೆ ನೋವಿನ ಅರಿವಿಲ್ಲ. ನೋಯುವ ನೆತ್ತಿಯ ಚರ್ಮವನ್ನೂ ಮಿದುಳಿನ ಹೊದಿಕೆಯನ್ನೂ ಚುಚ್ಚುಮದ್ದಿನಿಂದ ಮರಗಟ್ಟಿಸುತ್ತಾರೆ. ಅನೇಕ ಕಡೆ ಅರಿವಳಿಕೆ ತಜ್ಞರು ಮೊದಲು ನಿದ್ದೆ ಬರಿಸಿ, ಬೇಕಾದಾಗ ಎಬ್ಬಿಸುತ್ತಾರೆ. ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಸಣ್ಣ ವಿದ್ಯುತ್ ಸ್ಪರ್ಶಕ್ಕೆ ಮಾತು ತಡವರಿಸಿದರೆ ಆ ಜಾಗವನ್ನು ಕತ್ತರಿಸುವುದಿಲ್ಲ. ನುರಿತ ಕೈಯೂ ರೋಗಿಯ ಮಾತಿಗೆ ಕಾಯುತ್ತದೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಡಾ. ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗಿಗಳಿಗೆ ಹೀಗೆಯೇ ಚಿಕಿತ್ಸೆ ಮಾಡುತ್ತಿದ್ದರು. ವಿದ್ಯುತ್ ತಾಗಿ ಕೈ ಕದಲಿದಾಗ, ಅದು ತಮ್ಮ ಕೆಲಸವಲ್ಲ, ವೈದ್ಯರದು ಎಂದು ರೋಗಿಗಳು ಹೇಳುತ್ತಿದ್ದರೆಂದು ಅವರು 1975ರ ಪುಸ್ತಕದಲ್ಲಿ ಬರೆದರು. ಕೈ ಕದಲಿತು, ಇಚ್ಛೆ ಕದಲಲಿಲ್ಲ.

ರೋಗಿ ಕೊಟ್ಟ ಅಧಿಕಾರದ ಹೊರತು ವೈದ್ಯನಿಗೆ ಅವನ ಮೇಲೆ ಬೇರೆ ಅಧಿಕಾರವಿಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯುಸ್ 1952ರಲ್ಲಿ ನರಮಂಡಲ ತಜ್ಞರಿಗೇ ಹೇಳಿದ್ದರು.

ನಮ್ಮ ಮನೆಗಳಲ್ಲಿ? ಅಪ್ಪನ ಕಾಯಿಲೆಯನ್ನು ಅಪ್ಪನಿಗೇ ಹೇಳದೆ, ಆಸ್ಪತ್ರೆಯ ವರಾಂಡದಲ್ಲಿ ನಾವೇ ತೀರ್ಮಾನಿಸುತ್ತೇವೆ. ಪ್ರೀತಿಯಿಂದಲೇ, ನಿಜ. ಆದರೆ ದೇವರು ಕೊಟ್ಟ ಇಚ್ಛೆಯನ್ನು ಮಲಗಿಸಲು ನಮಗೇನು ಹಕ್ಕು? ಮೊದಲು ಅವರನ್ನೇ ಕೇಳೋಣ.