ವಸ್ತ್ರದ ಮರೆಯ ಶಿಲ್ಪ

ತಂಜಾವೂರಿನ ಕಲಾಸಂಗ್ರಹಾಲಯದಲ್ಲಿ ತಿರುವೆಂಕಾಡಿನ ವೃಷಭವಾಹನ ಶಿವನಿದ್ದಾನೆ. ರಾಜರಾಜ ಚೋಳನ ಕಾಲದ, ಸುಮಾರು ಕ್ರಿ.ಶ. 1011ರ ಕಂಚಿನ ಮೂರ್ತಿ. ಹಾವುಗಳನ್ನು ಸುತ್ತಿದ ಜಟೆ, ಸೊಂಟದ ಸಣ್ಣ ಬಳುಕು, ನಂದಿಯ ಮೇಲೆ ಒರಗಬೇಕಾದ ತೋಳು. ನಂದಿ ಈಗಿಲ್ಲ, ಆದರೂ ಆ ತೋಳಿನ ನಿಲುವೇ ನಂದಿಯನ್ನು ನೆನಪಿಗೆ ತರುತ್ತದೆ. ಈ ಸೊಗಸನ್ನು ನಾವು ಸವಿಯುವುದು ಸಂಗ್ರಹಾಲಯದಲ್ಲಿ. ದೇವಾಲಯದಲ್ಲಿ ಇಂಥ ಮೂರ್ತಿ ಉತ್ಸವಕ್ಕೆ ಹೊರಡುವುದು ರೇಷ್ಮೆ, ಒಡವೆ, ಹೂಮಾಲೆಗಳಿಂದ ಮೈತುಂಬಿಕೊಂಡು; ಬೀದಿಯ ಭಕ್ತರಿಗೆ ಕಾಣುವುದು ಹೆಚ್ಚೆಂದರೆ ಮುಖ, ಕೈ. ಹಾಗಿದ್ದರೆ ಆ ಬಳುಕನ್ನು ಶಿಲ್ಪಿ ಯಾರಿಗಾಗಿ ತಿದ್ದಿದ?

ವಿಗ್ರಹವೆಂದರೆ ಅಕ್ಷರ ಬಾರದವರಿಗೆ ಪುರಾಣ ಹೇಳುವ ಚಿತ್ರ ಎಂಬುದು ರೂಢಿಯ ಉತ್ತರ. ಕತೆ ಹೇಳುವುದೇ ಗುರಿಯಾಗಿದ್ದರೆ ಅದನ್ನು ಬಟ್ಟೆಯಿಂದ ಮುಚ್ಚುವುದೇಕೆ? ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನಗಳು ಅಲ್ಲಿಗೆ ಅರ್ಪಿಸಿದ ಲೋಹದ ಮೂರ್ತಿಗಳನ್ನು ದಾಖಲಿಸುವ ರೀತಿ ನೋಡಿ: ಕುಣಿಯುವ ಶಿವನಾದ ಆಡವಲ್ಲಾರನ ಎತ್ತರ, ತೋಳುಗಳು, ಜಡೆಗಳು, ಜಡೆಯಲ್ಲಿನ ಗಂಗೆ, ಕಾಲಡಿಯ ಅಸುರ ಮುಸಲಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಡವೆಗಳಿಗೂ ಪಟ್ಟಿಯುಂಟು. ಅಂದರೆ ಗಂಗೆಯೂ ಮುಸಲಗನೂ ದೇವರಿಗೆ ಸಂದ ಕಾಣಿಕೆಯ ಭಾಗ. ಮುತ್ತು, ಚಿನ್ನದಷ್ಟೇ ಎಣಿಸಿ ಒಪ್ಪಿಸಿದವು. ಪುರಾಣವನ್ನು ಇಲ್ಲಿ ಜನರಿಗೆ ತೋರಿಸುವುದಕ್ಕಿಂತ ಮೊದಲು ದೇವರಿಗೆ ಸಲ್ಲಿಸಲಾಗಿದೆ.

ಅಭಿಷೇಕದ ಹೊತ್ತಿಗೆ ವಸ್ತ್ರ ಕಳಚುತ್ತದಲ್ಲ, ಆಗ ರೂಪ ಕಾಣುವುದಿಲ್ಲವೇ ಎನ್ನಬಹುದು. ಕಾಣುತ್ತದೆ, ಆದರೆ ಕೆಲವರಿಗೆ, ಹಾಲು ನೀರು ಹರಿಯುವ ಆ ಕೆಲವು ಗಳಿಗೆ ಮಾತ್ರ. ಬೆನ್ನಿನ ಕೆಲಸ ಆಗಲೂ ಎದುರು ನಿಂತವರ ಕಣ್ಣಿಗೆ ಬೀಳದು. ಅಷ್ಟೇ ಅಲ್ಲ, ಶತಮಾನಗಳ ಅಭಿಷೇಕ, ಉಜ್ಜುವಿಕೆಗಳಿಂದ ಅನೇಕ ಮೂರ್ತಿಗಳ ಕಣ್ಣು ಮೂಗು ಸವೆದುಹೋಗಿವೆ. ನೋಟಕ್ಕಾಗಿಯೇ ಕಾಪಾಡಿದ ವಸ್ತುವನ್ನು ಯಾರೂ ಹೀಗೆ ಸವೆಸುವುದಿಲ್ಲ. ಇದೆಲ್ಲ ಶಿಲ್ಪಶಾಸ್ತ್ರದ ಕಟ್ಟಳೆ, ಅದರಲ್ಲಿ ಅರ್ಥ ಹುಡುಕಬೇಡಿ ಎಂಬ ಆಕ್ಷೇಪವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಮೇಣದ ಅಚ್ಚಿನಿಂದ ಎರಕ ಹೊಯ್ಯುವ ಕ್ರಮವನ್ನು ವಿವರಿಸುತ್ತದೆ, ನಿಜ. ಆದರೆ ಕಾಣದ ಭಾಗವೂ ಊನವಾಗಬಾರದೆಂದು ಕಟ್ಟಳೆ ಕೇಳುವುದಾದರೆ, ಮನುಷ್ಯನ ಕಣ್ಣೇ ಕೊನೆಯ ಸಾಕ್ಷಿಯಲ್ಲವೆಂದು ಅದೂ ಒಪ್ಪಿದಂತಾಯಿತು.

ಹೆಚ್ಚು ತೂಕದ ಆಕ್ಷೇಪ ಶರಣರದು: ಬೆಂಕಿಗೆ ಕರಗುವುದು ದೇವರಾದೀತೇ? ಲೋಹವನ್ನೇ ದೇವರೆಂದು ತಿಳಿದವರಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಆಗಮಗಳಾದರೋ ಎರಕವಾದೊಡನೆ ಪೂಜೆಗೆ ಕೂರಿಸುವುದಿಲ್ಲ. ಪ್ರತಿಷ್ಠೆ, ಆವಾಹನೆ ಆಗಲೇಬೇಕು. ಕಂಚು ದೇವರಿಗೆ ಸಿದ್ಧಮಾಡಿದ ನೆಲೆ. ಮನುಷ್ಯ ಅದರಲ್ಲಿ ಕೊಡಬಹುದಾದದ್ದು ತನ್ನ ಕೈಯ ಪೂರ್ಣತೆ ಒಂದೇ; ಅದನ್ನು ಯಾರೂ ನೋಡದಿದ್ದರೂ ಕೊಟ್ಟದ್ದು ಕೊಟ್ಟದ್ದೇ. ಹೊಗಳಿಕೆ ಸಿಗದ ಕಡೆಯೂ ಕೆಲಸ ಕುಂದದಿರುವುದನ್ನೇ ಭಕ್ತಿಯ ಒರೆಗಲ್ಲಾಗಿ ಹಿಡಿದರೆ, ಶರಣರ ಕಾಯಕಕ್ಕೂ ಈ ಶಿಲ್ಪಿಯ ಶ್ರಮಕ್ಕೂ ಇರುವ ದೂರ ನಾವು ಎಣಿಸಿದಷ್ಟಿಲ್ಲ.